ನೊಣದ ಮನೆಯ ನೇಮಕಾತಿ

ಹಾಯೆಲ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಸಂದರ್ಭ ಸಿಗಲಿಕ್ಕಿಲ್ಲ. ಇದ್ದ ಮಾತಿಗೆ ಅವನು ಸ್ವಲ್ಪ ಗಾಳಿ ತುಂಬುತ್ತಿದ್ದ, ಅಷ್ಟೇ. ನಲವತ್ತೊಂದು ವರ್ಷವಾದರೂ ಮದುವೆಯಾಗದೆ, ಇರ್ಬಿದ್ ಊರಿನ ಹಳೆಯ ಕೇರಿಯಲ್ಲಿ ತಾಯಿಯ ಜೊತೆ ಇರುವ ಮನುಷ್ಯನಿಗೆ ಅಷ್ಟೂ ಬೇಡ ಎಂದರೆ ಹೇಗೆ?

ಅವನಿಗೆ ವಿಶ್ವವಿದ್ಯಾಲಯದ ನರವಿಜ್ಞಾನ ಮತ್ತು ತಳಿವಿಜ್ಞಾನ ಪ್ರಯೋಗಾಲಯದಲ್ಲಿ ಗುಮಾಸ್ತೆ ಕೆಲಸ. ಅಲ್ಲಿ ಹಣ್ಣಿನ ನೊಣಗಳನ್ನು ಸಾಕುತ್ತಾರೆ. ಯಾವ ನೊಣ ಎಷ್ಟು ಹೊತ್ತು ಮಲಗುತ್ತದೆ, ನಿದ್ದೆಗೇಡಿ ನೊಣದ ಮಕ್ಕಳು ಮೊಮ್ಮಕ್ಕಳಿಗೂ ನಿದ್ದೆ ಬರುವುದಿಲ್ಲವೋ ಹೇಗೆ, ಅದರ ತಲೆಯೊಳಗೆ ಏನು ಕೆಟ್ಟಿದೆ ಎಂದು ನೋಡುತ್ತಾರೆ. ಅಷ್ಟುದ್ದದ ಹೆಸರನ್ನು ಹೇಳುವ ತಾಳ್ಮೆ ಊರಿಗೆ ಇರಲಿಲ್ಲ. ಊರು ಅದನ್ನು 'ನೊಣದ ಮನೆ' ಎಂದು ಕರೆದು ಕೈ ತೊಳೆದುಕೊಂಡಿತ್ತು. ಹಾಯೆಲ್ ಪತ್ರಗಳಿಗೆ ಮುದ್ರೆ ಒತ್ತುತ್ತಿದ್ದ, ಕಡತ ಜೋಡಿಸುತ್ತಿದ್ದ, ಕೆಲಸದವರು ಸಾಲದೆ ಬಂದಾಗ ಜೋಳದ ಹಿಟ್ಟು ಬೆಲ್ಲದ ಪಾಕ ಸೇರಿಸಿ ನೊಣಗಳಿಗೆ ಅಂಬಲಿಯನ್ನೂ ಕಾಯಿಸುತ್ತಿದ್ದ. ಈ ಕೊನೆಯ ಕೆಲಸದ ವಿಚಾರ ಅವನು ಹೊರಗೆ ಎಲ್ಲಿಯೂ ಬಾಯಿ ಬಿಟ್ಟಿರಲಿಲ್ಲ.

ಆ ವರ್ಷ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಅರೂಬ್ ಅವರಿಗೆ ಎರಡು ಹುದ್ದೆ ಮಂಜೂರಾಯಿತು. ಐದು ವರ್ಷ ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿ, ಒಬ್ಬ ಸಹಾಯಕ ಸಿಬ್ಬಂದಿ. ಎರಡು ಕುರ್ಚಿಗೆ ಅರವತ್ತೊಂದು ಅರ್ಜಿ ಬಂದವು. ಅರ್ಜಿಯ ಹಿಂದೆ ವಶೀಲಿ ಬರುವುದು ಆ ಊರಿನಲ್ಲಿ ಮಳೆಯ ಹಿಂದೆ ಕೆಸರು ಬಂದಷ್ಟೇ ಸಹಜ. ಯಾರ ಮಗ, ಯಾವ ಮನೆತನ, ಯಾರ ಅಳಿಯ ಎಂದು ಫೋನು ಶುರುವಾಗುತ್ತದೆ. ಡಾಕ್ಟರ್ ಅರೂಬ್ ಇದಕ್ಕೊಂದು ಉಪಾಯ ಮಾಡಿದರು. ಅರ್ಜಿಗಳನ್ನೆಲ್ಲ ಹಾಯೆಲ್ ತೆರೆಯಬೇಕು, ಹೆಸರು ಹೊಡೆದುಹಾಕಿ ಒಂದೊಂದಕ್ಕೂ ಒಂದು ನಂಬರು ಕೊಡಬೇಕು. ಯಾವ ನಂಬರು ಯಾರದು ಎಂಬ ಪಟ್ಟಿ ಅವನ ಹತ್ತಿರವೇ ಇರಬೇಕು. ಪರೀಕ್ಷೆಯನ್ನೂ ಹಿರಿಯ ಸಹಾಯಕರೇ ನಡೆಸುತ್ತಾರೆ, ಡಾಕ್ಟರಮ್ಮ ಉತ್ತರದ ಹಾಳೆ ಮಾತ್ರ ನೋಡುತ್ತಾರೆ. ಆಯ್ಕೆ ಮುಗಿಯುವವರೆಗೆ ತಮಗೆ ಹೆಸರು ಹೇಳಕೂಡದು, ತಾವು ಕೇಳಿದರೂ ಹೇಳಕೂಡದು.

ಹಾಯೆಲ್ ಪಟ್ಟಿಯನ್ನು ಮಡಚಿ ಅಂಗಿಯ ಎಡ ಜೇಬಿಗೆ ಇಟ್ಟುಕೊಂಡ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನ ಜೇಬಿಗೆ ಅಷ್ಟು ತೂಕ ಎಂದೂ ಬಂದಿರಲಿಲ್ಲ.

ಆ ತೂಕ ತಡೆಯಲಾರದೆ ಅವನು ಸಂಜೆ ಕ್ಷೌರದಂಗಡಿಗೆ ಹೋದ. ಅಂಗಡಿಯ ಅಬು ಶರೀಫ್ ಗಲ್ಲಕ್ಕೆ ಸೋಪು ಹಚ್ಚುತ್ತ, ನಿಮ್ಮ ನೊಣದ ಮನೆಗೆ ಜನ ತಗೋತಾರಂತಲ್ಲ, ನಿಜವೇ ಎಂದು ಕೇಳಿದ. ನಿಜ ಎಂದ ಹಾಯೆಲ್. ಯಾರ್‍ಯಾರು ಅರ್ಜಿ ಹಾಕಿದ್ದಾರೆ ಎಂದು ಡಾಕ್ಟರಮ್ಮನಿಗೂ ಗೊತ್ತಿಲ್ಲ, ಗೊತ್ತಿರುವುದು ನನಗೊಬ್ಬನಿಗೇ ಎಂದ. ಇದೂ ನಿಜವೇ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕನ್ನಡಿಯಲ್ಲಿ ಸಾಲಾಗಿ ಕೂತಿದ್ದ ನಾಲ್ಕು ಜನರ ಕಿವಿ ನೆಟ್ಟಗಾಗಿದ್ದು ಕಾಣಿಸಿತು.

"ಕೊನೆಗೆ ಯಾರು ಒಳಗೆ ಬರಬೇಕು ಅನ್ನೋದು ಈ ಜೇಬಿನಲ್ಲಿದೆ ಕಣಪ್ಪ" ಎಂದು ಹಾಯೆಲ್ ಎದೆ ತಟ್ಟಿದ.

ಅಬು ಶರೀಫನ ಕತ್ತಿ ಗಲ್ಲದ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವನು ಇನ್ನೊಂದು ಸುತ್ತು ಸೋಪು ಹಚ್ಚಿದ, ಮುಗಿದ ಮೇಲೆ ಗುಲಾಬಿ ನೀರು ಚಿಮುಕಿಸಿದ, ದುಡ್ಡು ಕೊಡಲು ಹೋದರೆ ಕೈ ಹಿಡಿದುಕೊಂಡ. ಗಾಳಿಸುದ್ದಿಗೆ ಕಾಲಿಲ್ಲ ಎನ್ನುತ್ತಾರೆ. ಇರ್ಬಿದ್‌ನಲ್ಲಿ ಅದಕ್ಕೆ ಕ್ಷೌರದಂಗಡಿಯಿದೆ, ಕಾಲು ಯಾಕೆ ಬೇಕು?

ಶುಕ್ರವಾರ ನಮಾಜು ಮುಗಿದ ಮೇಲೆ ಹಾಯೆಲ್‌ನ ಮನೆಯ ಮುಂದೆ ಕಂದು ಬಣ್ಣದ ಉದ್ದ ನಿಲುವಂಗಿಗಳ ಮೆರವಣಿಗೆ ಬಂದು ನಿಂತಿತು. ಮುಂದೆ ಹಾಜಿ ಮುತ್ಲಕ್, ಹಿಂದೆ ಮೂವತ್ತು ಜನ ಹಿರಿಯರು. ಇದು ಜಾಹಾ. ಹೆಣ್ಣು ಕೇಳುವುದಿರಲಿ, ಜಗಳ ಬಗೆಹರಿಸುವುದಿರಲಿ, ಕಾರು ಗುದ್ದಿದ್ದಕ್ಕೆ ಕ್ಷಮೆ ಬೇಡುವುದಿರಲಿ, ಊರ ಹಿರಿಯರು ಹೀಗೆ ಕೂಡಿಕೊಂಡು ಮನೆಗೆ ಬರುತ್ತಾರೆ. ಮನೆಯವನು ಕಹಿ ಕಾಫಿ ಬಗ್ಗಿಸಿ ಮುಖಂಡನಿಗೆ ಕೊಡುತ್ತಾನೆ. ಮುಖಂಡ ಅದನ್ನು ಕುಡಿಯುವುದಿಲ್ಲ, ಮುಂದೆ ಇಟ್ಟುಕೊಳ್ಳುತ್ತಾನೆ, ಕೇಳಬೇಕಾದ್ದನ್ನು ಕೇಳುತ್ತಾನೆ. 'ಕುಡೀರಿ, ಬಂದ ಕೆಲಸ ಆಯ್ತು' ಎಂದು ಮನೆಯವನು ಹೇಳಿದರೆ ಮಾತು ಕೊಟ್ಟಂತೆ, ಅದನ್ನು ವಾಪಸು ತೆಗೆದುಕೊಳ್ಳುವುದಕ್ಕಿಲ್ಲ. ಹೇಳದಿದ್ದರೆ ಅಷ್ಟೂ ಹಿರಿಯರನ್ನು ಬಾಯಾರಿಸಿ ಕಳಿಸಿದಂತೆ. ಎಂಬತ್ತೊಂದು ವರ್ಷದ ಹಾಜಿ ಮುತ್ಲಕ್ ಐವತ್ತು ವರ್ಷದಿಂದ ಜಾಹಾ ಮಾತಾಡುತ್ತಿದ್ದರು. ಅವರು ಇಟ್ಟ ಲೋಟ ತುಂಬಿದಂತೆಯೇ ಉಳಿದದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ.

ಎದುರು ಮನೆಗಳ ಬಾಲ್ಕನಿ ತುಂಬಿಹೋಯಿತು. ಜಾಹಾ ಬಂದಿದೆ ಸರಿ, ಆದರೆ ಆ ಮನೆಯಲ್ಲಿ ಹೆಣ್ಣು ಯಾರಿದ್ದಾರೆ? ಇರುವುದು ಒಬ್ಬಳೇ, ಹಾಯೆಲ್‌ನ ತಾಯಿ ಉಮ್ಮ್ ಹಾಯೆಲ್. ಅರವತ್ತೆಂಟು ವಯಸ್ಸು, ಗಂಡ ಹೋಗಿ ಇಪ್ಪತ್ತು ವರ್ಷ. ಹಾಜಿ ಮುತ್ಲಕ್‌ರ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಹೆಂಗಸರು ಲೆಕ್ಕ ಕೂಡಿಸಿ ಮುಗಿಸುವಷ್ಟರಲ್ಲಿ ಸುದ್ದಿ ಬಾಲ್ಕನಿಯಿಂದ ಬಾಲ್ಕನಿಗೆ ಹಾರಿ ಉಮ್ಮ್ ಹಾಯೆಲ್‌ಳ ಅಡಿಗೆಮನೆಯ ಕಿಟಕಿಗೂ ಬಂತು. ಆಕೆ ತಲೆವಸ್ತ್ರ ಬದಲಾಯಿಸಿ, ಕಣ್ಣಿಗೆ ಒಂದು ಎಳೆ ಕಾಡಿಗೆ ಎಳೆದು, ಕಾಫಿಗೆ ಎಂದಿಗಿಂತ ಎರಡು ಏಲಕ್ಕಿ ಹೆಚ್ಚು ಹಾಕಿದಳು.

ಹಾಜಿ ಮುತ್ಲಕ್ ಲೋಟ ಇಟ್ಟುಕೊಂಡು ಮಾತು ಶುರುಮಾಡಿದರು. ಮೊದಲು ದೇವರನ್ನು ಹೊಗಳಿದರು, ಆಮೇಲೆ ಈ ಮನೆಯನ್ನು, ಆಮೇಲೆ ಹಾಯೆಲ್‌ನ ಅಜ್ಜನನ್ನು. ಅಜ್ಜ ಬದುಕೆಲ್ಲ ಬಸ್ ನಿಲ್ದಾಣದಲ್ಲಿ ಹುರಿಗಡಲೆ ಮಾರಿದ್ದ. ಹಾಜಿಯ ಬಾಯಲ್ಲಿ ಅದು ಹಸಿದ ದಾರಿಹೋಕರಿಗೆ ಐವತ್ತು ವರ್ಷ ಅನ್ನವಿಟ್ಟ ಕೈಯಾಯಿತು. ಹಾಯೆಲ್‌ನ ಕಣ್ಣಲ್ಲಿ ನೀರು ಬಂತು. ಆಗ ಹಾಜಿ ವಿಷಯಕ್ಕೆ ಬಂದರು: ನಮ್ಮ ಮೊಮ್ಮಗ ಖಲ್ದೂನನಿಗೆ ನಿನ್ನ ಕಚೇರಿಯಲ್ಲಿ ಒಂದು ಕುರ್ಚಿ ಬೇಕು.

ಅಡಿಗೆಮನೆಯಲ್ಲಿ ಒಂದು ತಟ್ಟೆ ಬಿದ್ದ ಸದ್ದಾಯಿತು.

ಹಾಜಿಯ ವಾದ ಸ್ಪಷ್ಟವಾಗಿತ್ತು. ಅಲ್ಲಿ ನಡೆಯುವುದು ವಂಶದ ವಿಚಾರ ಎಂದು ಕೇಳಿದ್ದೇನೆ. ಈ ಊರಿನಲ್ಲಿ ಹದಿನಾಲ್ಕು ತಲೆಮಾರು ಬಾಯಿಪಾಠ ಹೇಳಬಲ್ಲವರು ನಾವು. ವಂಶ ನೋಡುವ ಕಚೇರಿಯಲ್ಲಿ ನಮ್ಮ ಮನೆಯವರೇ ಇಲ್ಲದಿದ್ದರೆ ಜನ ಏನೆಂದಾರು?

ಅಲ್ಲಿ ನೋಡುವುದು ನೊಣದ ವಂಶ ಎಂದು ಹಾಯೆಲ್ ಮೆಲ್ಲಗೆ ಹೇಳಿದ. ನಾವು ಚಿಕ್ಕದರಿಂದ ಶುರುಮಾಡಲು ನಾಚುವವರಲ್ಲ ಎಂದರು ಹಾಜಿ. ಆಯ್ಕೆ ಡಾಕ್ಟರಮ್ಮನ ಕೈಯಲ್ಲಿದೆ, ನಂಬರು ಇದೆ, ಪರೀಕ್ಷೆ ಇದೆ ಎಂದೆಲ್ಲ ಹಾಯೆಲ್ ಅಡ್ಡಗೋಡೆಯ ಮೇಲೆ ದೀಪವಿಡಲು ನೋಡಿದ. ಜಾಹಾದ ಮೂರನೆಯ ಸಾಲಿನಿಂದ ಅಬು ಶರೀಫ್ ಕತ್ತು ಮುಂದೆ ಚಾಚಿದ.

"ಜೇಬಿನಲ್ಲಿದೆ ಅಂದಿದ್ಯಲ್ಲಪ್ಪ" ಎಂದ.

ಮೂವತ್ತೊಂದು ಜೊತೆ ಕಣ್ಣು ಹಾಯೆಲ್‌ನ ಎಡ ಜೇಬಿನ ಮೇಲೆ ನಿಂತವು. ಲೋಟದ ಮೇಲಿನ ಹಬೆ ತೆಳ್ಳಗಾಗುತ್ತ ಬಂತು. ಜೇಬು ಖಾಲಿ ಎಂದು ಹೇಳಿದರೆ ಊರು ಇನ್ನು ಮೇಲೆ ಅವನನ್ನು ನೊಣಕ್ಕೆ ಅಂಬಲಿ ಕಾಯಿಸುವವನು ಎಂದೇ ಕರೆಯುತ್ತದೆ. ಹಾಯೆಲ್ ಲೋಟದ ಕಡೆ ಕೈ ತೋರಿಸಿದ.

"ಕುಡೀರಿ ಹಾಜಿ. ಬಂದ ಕೆಲಸ ಆಯ್ತು."

ಹಿರಿಯರು ಕುಡಿದರು, ಹರಸಿದರು, ಹೋದರು. ಉಮ್ಮ್ ಹಾಯೆಲ್ ಕಾಡಿಗೆ ಒರೆಸಿಕೊಂಡು ಬಂದು ಲೋಟಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡುತ್ತ ಎತ್ತಿದಳು. ಆ ಹೊತ್ತಿನಿಂದ ಮೂರು ದಿನ ಆಕೆ ಮಗನ ಜೊತೆ ಮಾತಾಡಿದ್ದು ಉಪ್ಪು ಬೇಕೇ ಎಂದು ಕೇಳಲು ಮಾತ್ರ.

ಒಂದು ಜಾಹಾ ಗೆದ್ದಿತು ಎಂದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಮುಂದಿನ ವಾರ ಇನ್ನೂ ನಾಲ್ಕು ಜಾಹಾ ಬಂದವು. ಹಾಯೆಲ್ ನಡುಗಿಹೋದ. ಆದರೆ ಉಮ್ಮ್ ಹಾಯೆಲ್ ಅವನಿಗಿಂತ ಬುದ್ಧಿವಂತೆ. ಈ ಮನೆಯಲ್ಲಿ ಕಾಫಿಪುಡಿ ಮುಗಿದಿದೆ ಎಂದು ಬಾಗಿಲಲ್ಲೇ ಸಾರಿ, ಬಂದವರಿಗೆಲ್ಲ ಚಹಾ ಕೊಟ್ಟಳು. ಚಹಾ ಕುಡಿದ ಮಾತಿಗೆ ಬೆಲೆಯಿಲ್ಲ, ಅದು ಕೂಸಿಗೂ ಗೊತ್ತು. ಚಹಾದ ಲೋಟವನ್ನು ಮುಂದೆ ಇಟ್ಟುಕೊಂಡು ಕೂತರೆ ಅದು ಜಾಹಾ ಆಗುವುದಿಲ್ಲ, ಚಹಾ ಆರುತ್ತದೆ ಅಷ್ಟೇ. ಮೂರು ಗುಂಪು ನಾಲ್ಕು ನಾಲ್ಕು ಲೋಟ ಚಹಾ ಕುಡಿದು ಹೊಟ್ಟೆ ಕುಲುಕಿಸುತ್ತ ಹೋದರು. ನಾಲ್ಕನೆಯ ಗುಂಪು ತಮ್ಮ ಕಾಫಿಯ ಕೊಂಬುಗಿಂಡಿಯನ್ನು ತಾವೇ ಹೊತ್ತು ತಂದಿತ್ತು. ಅವರು ಮುಂಬಾಗಿಲಿಗೆ ಬರುವಷ್ಟರಲ್ಲಿ ಹಾಯೆಲ್ ಹಿಂದಿನ ಕಿಟಕಿಯಿಂದ ಕೋಳಿಗೂಡಿನ ಮೇಲೆ ಇಳಿದಿದ್ದ.

ಉಳಿದದ್ದು ಹಾಜಿ ಮುತ್ಲಕ್‌ರಿಗೆ ಕೊಟ್ಟ ಮಾತೊಂದೇ. ಒಂದೇ ಮಾತು ತಾನೇ, ಹುಡುಗ ಚುರುಕಾಗಿದ್ದರೆ ತಾನೇ ಗೆಲ್ಲುತ್ತಾನೆ ಎಂದು ಹಾಯೆಲ್ ಸಮಾಧಾನ ಮಾಡಿಕೊಂಡ. ಪರೀಕ್ಷೆಯ ಹಿಂದಿನ ದಿನ ಆ ಹುಡುಗನೇ ಅವನನ್ನು ಹುಡುಕಿಕೊಂಡು ಬಂದ. ಖಲ್ದೂನ್ ಇಪ್ಪತ್ತಾರು ವರ್ಷದ ದುಂಡು ಮೈಯ ಯುವಕ, ಅವನ ಅಂಗಿಯಿಂದ ತುಪ್ಪ ಸಕ್ಕರೆಯ ವಾಸನೆ ಬರುತ್ತಿತ್ತು.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನನ್ನ ಫೇಲ್ ಮಾಡಿ" ಎಂದ.

ಅರ್ಜಿ ತುಂಬಿದ್ದು ಅಜ್ಜ. ಖಲ್ದೂನನಿಗೆ ಬೇಕಾಗಿದ್ದದ್ದು ಕುನಾಫಾ ಮಿಠಾಯಿಯ ಅಂಗಡಿ. ಜಾಗ ನೋಡಿಟ್ಟಿದ್ದ, ದೊಡ್ಡ ತಟ್ಟೆ ಕೊಂಡಿದ್ದ, ಅಜ್ಜನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ. ನೊಣ ಕಂಡರೆ ಹೊಡೆಯುವುದು ಬಿಟ್ಟು ಸಾಕಲು ಹೇಳುತ್ತೀರಲ್ಲ, ಮಿಠಾಯಿ ಮಾಡುವವನಿಗೆ ಇದು ನ್ಯಾಯವೇ ಎಂದು ಕೇಳಿದ. ಹಾಯೆಲ್ ಅವನನ್ನು ಬೈದ, ಬೇಡಿದ, ಕೊನೆಗೆ ಪರೀಕ್ಷೆಯಲ್ಲಿ ಏನು ಬರುತ್ತದೆ ಎಂದು ಹೇಳಿಕೊಡಲೂ ನೋಡಿದ. ಖಲ್ದೂನ್ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಹೊರಟುಹೋದ.

ಪಟ್ಟಿಯಲ್ಲಿ ಖಲ್ದೂನ್ ನಾಲ್ಕನೆಯ ನಂಬರು. ಹದಿನೇಳನೆಯ ನಂಬರು ರನೀಮ್, ಖಲ್ದೂನನ ತಂಗಿ. ಅವಳು ಅರ್ಜಿ ಹಾಕಿದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಯೆಲ್‌ನ ಜೇಬಿಗೆ ಮಾತ್ರ ಗೊತ್ತಿತ್ತು. ಅವಳ ಪರವಾಗಿ ಯಾರೂ ಕಾಫಿ ಕುಡಿದಿರಲಿಲ್ಲ.

ಪರೀಕ್ಷೆ ಸರಳ. ಎಲ್ಲರಿಗೂ ಅಮಲು ಬರಿಸಿ ಮಲಗಿಸಿದ ನೂರು ನೊಣ ಕೊಡುತ್ತಾರೆ. ಅವು ಏಳುವ ಮೊದಲು ಸೂಕ್ಷ್ಮದರ್ಶಕದ ಕೆಳಗೆ ಕುಂಚದಿಂದ ಗಂಡು ಹೆಣ್ಣು ಬೇರೆ ಮಾಡಬೇಕು, ಕಂಡದ್ದನ್ನು ಬರೆಯಬೇಕು. ನಾಲ್ಕನೆಯ ನಂಬರು ನೂರಕ್ಕೆ ನೂರನ್ನೂ ಗಂಡು ಎಂದು ಬರೆದು, ಮುಚ್ಚಳ ತೆಗೆದಿಟ್ಟು, ಎರಡು ಸಲ ಸೀನಿದ. ನೂರು ನೊಣವೂ ಎದ್ದು ಕ್ಯಾಂಟೀನಿನ ಬಾಳೆಹಣ್ಣಿನ ಕಡೆ ಹೋದವು. ಕ್ಯಾಂಟೀನಿನವನು ಇವತ್ತಿಗೂ ಆ ವಿಚಾರ ಬಂದರೆ ಸೌಟು ಎತ್ತುತ್ತಾನೆ.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಹಾಯೆಲ್ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡ. ಅಕ್ಕಪಕ್ಕದಲ್ಲಿ ರಬ್ಬರು, ಪೆನ್ಸಿಲು. ನಾಲ್ಕರ ಮುಂದಿನ ಹೆಸರು ಬೇರೆಲ್ಲಿಗೋ, ಬೇರೆಲ್ಲಿಯದೋ ಹೆಸರು ನಾಲ್ಕಕ್ಕೆ. ಎರಡು ನಿಮಿಷದ ಕೆಲಸ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಯಾರೋ ನಗುವುದು ಕೇಳಿಸಿತು. ಹಾಯೆಲ್ ಬಗ್ಗಿ ನೋಡಿದ. ಡಾಕ್ಟರ್ ಅರೂಬ್ ಒಬ್ಬರೇ ಕೂತು ಒಂದು ಹಾಳೆ ಹಿಡಿದು ನಗುತ್ತಿದ್ದರು. ಅವರಿಗೆ ನಗಲು ಬರುತ್ತದೆ ಎಂಬುದೇ ಅವನಿಗೆ ಹೊಸ ಸುದ್ದಿ.

"ಬಾ ಇಲ್ಲಿ, ಇದನ್ನ ನೋಡು" ಎಂದು ಕರೆದರು. "ಹದಿನೇಳನೇ ನಂಬರು. ನೂರೂ ಸರಿಯಾಗಿದೆ. ಅಂಚಿನಲ್ಲಿ ಏನು ಬರೆದಿದ್ದಾರೆ ಓದು."

ಅರವತ್ತಮೂರನೆಯ ನೊಣ ಎಚ್ಚರವಾಗಿದೆ, ಮಲಗಿದವರ ನಡುವೆ ಮಲಗಿದಂತೆ ನಟಿಸುತ್ತಿದೆ, ಇದನ್ನು ಬೇರೆ ಇಟ್ಟು ಗಮನಿಸುವುದು ಒಳ್ಳೆಯದು ಎಂದು ಬರೆದಿತ್ತು.

"ಹನ್ನೊಂದು ವರ್ಷದಿಂದ ಇಂಥವರೊಬ್ಬರು ಬರಲಿ ಅಂತ ಕಾಯ್ತಿದ್ದೆ ಹಾಯೆಲ್. ಯಾರದು ಅಂತ ಹೇಳಬೇಡ. ಯಾರಾದರೂ ಆಗಲಿ."

ಹಾಯೆಲ್ ತನ್ನ ಮೇಜಿಗೆ ವಾಪಸು ಬಂದು ರಬ್ಬರನ್ನು ಡ್ರಾಯರಿಗೆ ಹಾಕಿದ. ಅವನು ದೊಡ್ಡ ಪ್ರಾಮಾಣಿಕನೇನೂ ಅಲ್ಲ, ಆದರೆ ಆ ನಗುವಿನ ಮೇಲೆ ರಬ್ಬರು ಉಜ್ಜುವಷ್ಟು ಕಲ್ಲೆದೆಯೂ ಅವನದಲ್ಲ.

ಭಾನುವಾರ ಬಾಗಿಲಿಗೆ ಫಲಿತಾಂಶ ಅಂಟಿಸಿದರು. ಸಹಾಯಕ ಹುದ್ದೆಗೆ ಹದಿನೈದು ವರ್ಷ ಬೇಕರಿಯಲ್ಲಿ ದುಡಿದ ಒಬ್ಬ ಹೆಂಗಸು ಆಯ್ಕೆಯಾಗಿದ್ದಳು. ನೊಣದ ಅಂಬಲಿ ಹುಳಿಯುವುದನ್ನು ಅವಳು ಮೂಸಿಯೇ ಹೇಳುತ್ತಿದ್ದಳು, ಅವಳನ್ನು ಕಂಡು ಹಾಯೆಲ್‌ನಷ್ಟು ಸಂತೋಷಪಟ್ಟವರಿಲ್ಲ. ಸಂಶೋಧನೆಗೆ ರನೀಮ್. ಗುರುವಾರದೊಳಗೆ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಜಾಗ ಮುಂದಿನ ನಂಬರಿಗೆ ಹೋಗುತ್ತದೆ.

ಸೋಮವಾರ ರನೀಮ್ ಬಂದಳು. ಸಹಿ ಹಾಕಲು ಪೆನ್ನು ಕೊಟ್ಟರೆ ಮುಟ್ಟಲಿಲ್ಲ. ತೆಳ್ಳನೆಯ, ದಪ್ಪ ಕನ್ನಡಕದ ಹುಡುಗಿ, ಅತ್ತು ಕಣ್ಣು ಊದಿತ್ತು.

"ಅಜ್ಜ ಮೂವತ್ತು ಜನರನ್ನ ಕರ್ಕೊಂಡು ಬಂದು ಕಾಫಿ ಕುಡಿದದ್ದು ಅಣ್ಣನಿಗೆ. ಈಗ ಬಾಗಿಲ ಮೇಲೆ ಇರೋದು ನನ್ನ ಹೆಸರು. ಹಾಜಿ ಮುತ್ಲಕ್‌ನ ಮಾತು ಉಳೀಲಿಲ್ಲ ಅಂತ ಊರೆಲ್ಲ ಆಡಿಕೊಳ್ತಿದೆ. ಅಜ್ಜ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ನನಗೆ ಬೈದಿದ್ದರೆ ಜಗಳ ಆಡ್ತಿದ್ದೆ ಮಾವ. ಬೈಲೇ ಇಲ್ಲ. ಅವರು ಹೂಂ ಅನ್ನದೆ ನಾನು ಬರಲ್ಲ."

ಅವಳು ಹೋದ ಮೇಲೆ ಹಾಯೆಲ್ ಒಂದು ಗಂಟೆ ಕಡತಗಳನ್ನು ಸುಮ್ಮನೆ ಅತ್ತಿತ್ತ ಮಾಡಿದ. ಬಿಸಿತುಪ್ಪ ಬಾಯಲ್ಲಿತ್ತು, ಉಗುಳಲೇಬೇಕಾಗಿತ್ತು. ಡಾಕ್ಟರ್ ಅರೂಬ್‌ರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ, ಕ್ಷೌರದಂಗಡಿಯಿಂದ ಕೋಳಿಗೂಡಿನವರೆಗೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಯಿತು ಎಂದುಕೊಂಡ ಹಾಯೆಲ್.

"ಎಷ್ಟು ಜನ ಕುಡಿದರು?"

"ಮೂವತ್ತೊಂದು."

"ಕಾಫಿಯಲ್ಲಿ ಹೋದ ಮಾತು ಕಾಫಿಯಲ್ಲೇ ಬರಬೇಕು" ಎಂದರು ಡಾಕ್ಟರ್ ಅರೂಬ್. ಅವರೂ ಅದೇ ಊರಿನವರು. "ಬುಧವಾರ ನಾವು ಜಾಹಾ ಹೋಗ್ತೀವಿ. ಹುಡುಗೀನ ಕೇಳೋಣ. ಮಾತಾಡೋನು ನೀನು. ಹುಡುಗಿ ಬಂದರೆ ನಿನ್ನ ಕುರ್ಚಿ ಉಳೀತು, ಬರದಿದ್ದರೆ ನಿನ್ನ ಜೇಬಿನ ಜೊತೆ ನೀನೂ ಮನೆಗೆ ಹೋಗು."

ಜಾಹಾ ಎಂದರೆ ತಲೆಗಳು ಬೇಕು. ಪ್ರಯೋಗಾಲಯದಲ್ಲಿ ಇದ್ದದ್ದು ಆರು. ಗೇಟಿನ ಕಾವಲುಗಾರರು ನಾಲ್ವರು ಸೇರಿದರು, ವಿಶ್ವವಿದ್ಯಾಲಯದ ಬಸ್ಸಿನ ಚಾಲಕ ಬಂದ, ಮೇಕೆಗಳ ಬಗ್ಗೆ ಸಂಶೋಧನೆ ಮಾಡುವ ವಿಭಾಗದಿಂದ ಏಳು ಪ್ರಾಧ್ಯಾಪಕರು ಬಂದರು, ಕ್ಯಾಂಟೀನಿನವನು ಬಾಳೆಹಣ್ಣಿನ ಸಿಟ್ಟು ಮರೆತು ಬಂದ. ಕರೆಯದಿದ್ದರೂ ಬಂದವನು ಅಬು ಶರೀಫ್. ಹಿರಿಯರಂತೆ ಕಾಣಲು ನಿಲುವಂಗಿಗಳನ್ನು ನಾಟಕ ಸಂಘದಿಂದ ತಂದರು. ಹಾಯೆಲ್‌ನ ಪಾಲಿಗೆ ಯಾವುದೋ ರಾಜನ ಪಾತ್ರದ್ದು ಬಂತು. ಅದರ ಜರಿಯಂಚು ಅರ್ಧ ಕಿತ್ತಿತ್ತು, ಅದನ್ನು ಕಚೇರಿಯ ಪಿನ್ನುಗಳಿಂದ ಅವನೇ ಕೂಡಿಸಿಕೊಂಡ.

ಹಾಜಿ ಮುತ್ಲಕ್ ಗೋಡೆ ಬಿಟ್ಟು ಎದ್ದು ಬಂದರು. ಸಿಟ್ಟು ಎಷ್ಟೇ ಇರಲಿ, ಬಾಗಿಲಿಗೆ ಬಂದ ಜಾಹಾವನ್ನು ಒಳಗೆ ಕರೆಯದವನು ಮನುಷ್ಯನಲ್ಲ. ಎಲ್ಲರೂ ಕೂತರು. ಜಾಹಾದಲ್ಲಿ ಹೆಣ್ಣು ಯಾಕೆ ಎಂದು ಹಾಜಿ ಗೋಡೆಯನ್ನು ಕೇಳಿದರು. ನಾನು ಹೆಣ್ಣಾಗಿ ಬಂದಿಲ್ಲ, ಪ್ರಯೋಗಾಲಯವಾಗಿ ಬಂದಿದ್ದೇನೆ ಎಂದು ಡಾಕ್ಟರ್ ಅರೂಬ್ ಆ ಗೋಡೆಗೇ ಉತ್ತರ ಕೊಟ್ಟರು. ಖಲ್ದೂನ್ ಕಾಫಿ ಬಗ್ಗಿಸಿದ. ಹಾಯೆಲ್ ಲೋಟವನ್ನು ತೆಗೆದುಕೊಂಡು ಮುಂದೆ ಇಟ್ಟ. ಕಾಲು ಭಾಗ ರಾಜನ ನಿಲುವಂಗಿಯ ಮೇಲೆ ಚೆಲ್ಲಿತು.

"ಹಾಜಿ, ನಿಮ್ಮ ಹುಡುಗಿ ನಮಗೆ ಬೇಕು" ಎಂದ. "ನೊಣ ಚೆನ್ನಾಗಿ ಆರಿಸ್ತಾಳೆ."

ಹಲ್ಲು ನೋವು ಬಂದವರಂತೆ ಹಾಜಿ ಕಣ್ಣು ಮುಚ್ಚಿದರು.

"ಹಾಗಾ ಕೇಳೋದು?" ಎಂದರು. "ನೊಣದಿಂದ ಯಾರಾದರೂ ಶುರುಮಾಡ್ತಾರೇನೋ? ಮೊದಲು ದೇವರು. ಆಮೇಲೆ ಮನೆ. ಆಮೇಲೆ ಅಜ್ಜಂದಿರು. ಹುಡುಗಿ ಬರೋದು ಆಮೇಲೆ."

ಹಾಯೆಲ್ ದೇವರಿಂದ ಶುರುಮಾಡಿದ. ದೇವರ ತನಕ ಚೆನ್ನಾಗಿಯೇ ಹೋಯಿತು. ಮನೆಯ ಹತ್ತಿರ ಬಂದಾಗ, ಈ ಮನೆ ಬಹಳ ದೊಡ್ಡ ಮನೆ, ಎರಡು ಮಹಡಿ ಇದೆ ಎಂದ. ಮೇಕೆ ಪ್ರಾಧ್ಯಾಪಕರೊಬ್ಬರು ಕೆಮ್ಮಿದರು. ಅಜ್ಜಂದಿರ ಹೆಸರು ಹೇಳಲು ಹೋಗಿ ಎರಡನೆಯವನಲ್ಲೇ ಸಿಕ್ಕಿಕೊಂಡ. ಮೂರನೆಯವನನ್ನು ಹಾಜಿಯೇ ಹೇಳಿಕೊಟ್ಟರು, ನಾಲ್ಕನೆಯವನನ್ನೂ ಹೇಳಿಕೊಟ್ಟರು, ಐದನೆಯವನನ್ನು ಹಾಯೆಲ್ ತಪ್ಪಾಗಿ ಉಚ್ಚರಿಸಿದಾಗ ಅವರಿಗೆ ತಡೆಯಲಾಗಲಿಲ್ಲ.

"ಸಾಕು. ಹುಡುಗಿ ಏನು ಮಾಡಿದಳು ಅಂತ ಮೊದಲು ನನಗೆ ಸರಿಯಾಗಿ ಹೇಳು. ವಿಷಯ ಗೊತ್ತಿಲ್ಲದೆ ಮಾತು ಹೇಗೆ ಕಟ್ಟೋದು?"

ಡಾಕ್ಟರ್ ಅರೂಬ್ ಹೇಳಿದರು. ನೂರು ನೊಣ, ನೂರೂ ಸರಿ. ಅರವತ್ತೊಂದು ಜನ ಪರೀಕ್ಷೆಗೆ ಕೂತಿದ್ದರು, ಮಲಗಿದವರ ನಡುವೆ ಎಚ್ಚರವಾಗಿದ್ದ ಒಂದನ್ನು ಕಂಡವಳು ಇವಳೊಬ್ಬಳು. ಅವಳು ಯಾರ ಮನೆಯವಳು ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೂ ಅವಳನ್ನೇ ಆರಿಸುತ್ತಿದ್ದೆ ಎಂದರು. ಹಾಜಿ ಆ ನೊಣದ ವಿಚಾರ ಮತ್ತೊಮ್ಮೆ ಹೇಳಿಸಿ ಕೇಳಿಕೊಂಡರು. ಆಮೇಲೆ ಹಾಯೆಲ್‌ನನ್ನು ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿ, ನಿಲುವಂಗಿಯ ಅಂಚು ಸರಿಮಾಡಿಕೊಂಡು ಎದ್ದು ನಿಂತರು. ಹೀಗೆ ಕೇಳಬೇಕು, ನೋಡಿ ಕಲಿ ಎಂದರು.

ದೇವರನ್ನು ಅವರು ಹೊಗಳಿದ ರೀತಿಗೆ ಕಾವಲುಗಾರರೂ ತಲೆಬಾಗಿದರು. ಮನೆ ಬಂತು, ಹದಿನಾಲ್ಕು ಅಜ್ಜಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಕೊನೆಗೆ ಹುಡುಗಿ ಬಂದಳು.

"ಈ ಮನೆಯ ಹಿರಿಯ ತನ್ನ ಗಂಡು ಕೂಸಿಗೆ ಒಂದು ಬಾಗಿಲು ತೆರೀರಿ ಅಂತ ಮೂವತ್ತು ಜನರ ಜೊತೆ ಹೋಗಿ ಬಡಿದ. ಅವನು ಹೊರಗೆ ನಿಂತು ಬಡೀತಿದ್ದಾಗ ಅದೇ ಮನೆಯ ಹೆಣ್ಣು ಕೂಸು ಯಾರ ಕೈಯನ್ನೂ ಹಿಡೀದೆ, ಯಾರ ಹೆಸರನ್ನೂ ಹೇಳದೆ, ಬರೀ ತನ್ನ ಕಣ್ಣನ್ನ ನಂಬಿ ಒಳಗೆ ನಡೆದುಹೋದಳು. ಇದಕ್ಕಿಂತ ದೊಡ್ಡ ವಂಶ ಯಾವುದಿದೆ? ಆವತ್ತು ಕುಡಿದ ಕಾಫಿ ಇವಳಿಗೇ ಸಲ್ಲಲಿ. ಆ ಹುಡುಗೀನ ನಮಗೆ ಕೊಡಿ ಅಂತ ಕೇಳೋಕೆ ಬಂದಿದ್ದೀವಿ. ನಮ್ಮನ್ನ ಬಾಯಾರಿಸಿ ಕಳಿಸಬೇಡಿ."

ಹಾಜಿ ಮುತ್ಲಕ್ ಕೂತರು. ಐವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹೋಗಿ ತಮ್ಮ ಲೋಟವನ್ನು ತುಂಬಿದಂತೆಯೇ ಮುಂದೆ ಇಟ್ಟಿತು. ಅಬು ಶರೀಫ್ ಅಳುತ್ತಿದ್ದ. ಮೇಕೆ ಪ್ರಾಧ್ಯಾಪಕರೂ ಮೂಗೊರೆಸಿಕೊಳ್ಳುತ್ತಿದ್ದರು. ಎಲ್ಲರೂ ಮನೆಯವರ ಉತ್ತರಕ್ಕೆ ಕಾದರು. ಹಾಜಿಯೂ ಬಾಗಿಲ ಕಡೆ ನೋಡುತ್ತ ಗಂಭೀರವಾಗಿ ಕಾದರು.

"ಅಜ್ಜ, ಮನೆಯವರು ನೀವೇ" ಎಂದ ಖಲ್ದೂನ್.

ಹಾಜಿ ಮೊಮ್ಮಗನನ್ನು ನೋಡಿದರು, ಎದುರಿಗೆ ಕೂತವರನ್ನು ನೋಡಿದರು, ಮುಂದಿದ್ದ ಲೋಟವನ್ನು ಬಹಳ ಹೊತ್ತು ನೋಡಿದರು. ಈಗ ಇಲ್ಲ ಎಂದರೆ ಹಾಜಿ ಮುತ್ಲಕ್‌ನ ಜಾಹಾವನ್ನು ಬರಿಗೈಯಲ್ಲಿ ಕಳಿಸಿದ ಮೊದಲನೆಯ ಮನುಷ್ಯ ಹಾಜಿ ಮುತ್ಲಕ್‌ನೇ ಆಗುತ್ತಿದ್ದ. ಒಳಗಿನ ಪರದೆಯ ಹಿಂದೆ ಯಾರೋ ಉಸಿರು ಬಿಗಿಹಿಡಿದಿದ್ದು ಹೊರಗಿನವರಿಗೂ ಕೇಳಿಸುತ್ತಿತ್ತು.

"ಕುಡೀರಿ" ಎಂದರು ಹಾಜಿ. "ಬಂದ ಕೆಲಸ ಆಯ್ತು."

ಪರದೆಯ ಹಿಂದೆ ಹೆಂಗಸರು ನಾಲಿಗೆ ಹೊರಳಿಸಿ ಕೂಗುವ ಸಂತೋಷದ ಉಲುಲು ಎದ್ದಿತು, ಅದರೊಳಗೆ ರನೀಮ್‌ಳ ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. ಸಂತೋಷದ ಹೊತ್ತು ನೋಡಿಕೊಂಡು ಖಲ್ದೂನ್ ಕುನಾಫಾ ಅಂಗಡಿಯ ವಿಷಯವನ್ನೂ ಹೇಳಿಬಿಟ್ಟ. ತಟ್ಟೆ ಎಷ್ಟು ದೊಡ್ಡದು ಎಂದಷ್ಟೇ ಹಾಜಿ ಕೇಳಿದರು. ಡಾಕ್ಟರ್ ಅರೂಬ್ ಆಯ್ಕೆಯ ಕಾಗದವನ್ನು ಅಲ್ಲಿಯೇ ತೆಗೆದು ಕೊಟ್ಟರು, ರನೀಮ್ ಅಜ್ಜನ ಮಂಡಿಯ ಮೇಲೆ ಇಟ್ಟುಕೊಂಡು ಸಹಿ ಹಾಕಿದಳು. ಹಾಯೆಲ್ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಅಷ್ಟು ರುಚಿಯಾದ ಕಾಫಿಯನ್ನು ಅವನು ಹುಟ್ಟಿದ ಮೇಲೆ ಕುಡಿದಿರಲಿಲ್ಲ.

ಹೊರಡುವಾಗ ಹಾಜಿ ಮುತ್ಲಕ್ ಬಾಗಿಲ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದರು. ಪಿನ್ನೊಂದು ಕೈಗೆ ಚುಚ್ಚಿದ್ದನ್ನು ತೋರಿಸಿಕೊಳ್ಳಲಿಲ್ಲ.

"ಇನ್ನು ಮೇಲೆ ಇಂಥ ಕೆಲಸಕ್ಕೆ ಹೊರಡೋ ಮುಂಚೆ ನನ್ನನ್ನ ಕೇಳು" ಎಂದರು. "ನಾನು ಬಾಯಿ ಹಾಕದಿದ್ದರೆ ಆ ಮುದುಕ ಹುಡುಗೀನ ಕೊಡ್ತಿರಲಿಲ್ಲ."